ಸುಣ್ಣದ ಟ್ಯಾಂಕ್: ಏರ್‌ಬ್ರಷ್ ಇಲ್ಲದೆ ಬಣ್ಣ ಕಂಡ ಒಂದು ಟಿ-34ರ ಪ್ರಕರಣ

ಟಿ-34 ಎಂಬ ಯುದ್ಧಟ್ಯಾಂಕಿನ ಪ್ಲಾಸ್ಟಿಕ್ ಮಾದರಿಗೆ ಬ್ರಷ್ಷಿನಿಂದಲೇ ಬಣ್ಣ ಹಚ್ಚಿದ ಈ ಪ್ರಕರಣವನ್ನು ಬರೆದು ಹಂಚಿಕೊಳ್ಳಲು ಸಂಬಂಧಪಟ್ಟವರು ಒಪ್ಪಿದ್ದಾರೆ. ಹೆಸರು ಮತ್ತು ಊರು ಮಾತ್ರ ಬೇಡ ಎಂದರು. ಕರಾವಳಿಯ ಒಂದು ಪೇಟೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಅವರು. ಊರಿನವರು ಕರೆಯುವಂತೆ ನಾನೂ ಮಾಷ್ಟ್ರು ಎಂದೇ ಕರೆಯುತ್ತೇನೆ. ಗುರುತು ಸಿಗದಿರಲೆಂದು ಮನೆಯ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬಣ್ಣ, ಬ್ರಷ್, ಆದ ತಪ್ಪು, ಮಾಡಿದ ತಿದ್ದುಪಡಿ ಇವೆಲ್ಲ ನಡೆದದ್ದು ನಡೆದ ಹಾಗೆಯೇ ಇವೆ. ಅವುಗಳಲ್ಲಿ ಒಂದು ತಪ್ಪು ನನ್ನದು.

ನಾನು ಹಲವು ವರ್ಷಗಳಿಂದ ಪ್ಲಾಸ್ಟಿಕ್ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುತ್ತಿರುವವನು. ನನ್ನ ಬಳಿ ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದೆ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಮಾಷ್ಟ್ರ ಸಮಸ್ಯೆಯನ್ನು ನಾನು ಆರಂಭದಲ್ಲಿ ತಪ್ಪಾಗಿ ಅರ್ಥ ಮಾಡಿಕೊಳ್ಳಲು ಅದೇ ಕಾರಣ. ಗಾಳಿಯಿಂದ ಬಣ್ಣ ಸಿಂಪಡಿಸಿ ಅಭ್ಯಾಸವಾದವನಿಗೆ ಬ್ರಷ್ಷಿನ ಗೆರೆ ಕಂಡ ಕೂಡಲೇ ಅದು ಕೈಚಳಕದ ಕೊರತೆಯಂತೆ ಕಾಣುತ್ತದೆ. ಮಾಷ್ಟ್ರ ಕೈಯಲ್ಲಿ ಯಾವ ಕೊರತೆಯೂ ಇರಲಿಲ್ಲ.

ಹಿನ್ನೆಲೆ

ಜೋಡಿಸಬೇಕಾದ ಬಿಡಿಭಾಗಗಳ ಕಿಟ್ ತಂದುಕೊಟ್ಟವನು ಗಲ್ಫ್‌ನಲ್ಲಿ ಕೆಲಸದಲ್ಲಿರುವ ಮಗ. ಜಪಾನಿನ ಟಾಮಿಯಾ ಕಂಪನಿಯ 1/35 ಅಳತೆಯ, ಅಂದರೆ ನಿಜ ಗಾತ್ರದ ಮೂವತ್ತೈದರಲ್ಲಿ ಒಂದು ಪಾಲಿನ, ಟಿ-34/76. ಎರಡನೆಯ ಮಹಾಯುದ್ಧದ ಈ ಸೋವಿಯತ್ ಟ್ಯಾಂಕನ್ನು ಖಾರ್ಕಿವ್‌ನ ಕಾರ್ಖಾನೆಯಲ್ಲಿ ಮಿಖಾಯಿಲ್ ಕೋಷ್ಕಿನ್ ಅವರ ತಂಡ ವಿನ್ಯಾಸಗೊಳಿಸಿತು. 1940ರಲ್ಲಿ ಉತ್ಪಾದನೆ ಶುರುವಾಯಿತು. ಗುಂಡು ಜಾರಿಹೋಗಲೆಂದು ಅದರ ಉಕ್ಕಿನ ಹಲಗೆಗಳನ್ನು ಓರೆಯಾಗಿ ನಿಲ್ಲಿಸಿದ್ದಾರೆ. ಬಣ್ಣ ಹಚ್ಚುವವನಿಗೆ ಈ ಓರೆಯೇ ಕಷ್ಟ. ಮುಂಭಾಗ, ಎರಡು ಬದಿ, ಹಿಂಭಾಗ ಎಲ್ಲವೂ ಅಗಲವಾದ ಬೋಳು ಇಳಿಜಾರುಗಳು. ಬ್ರಷ್ಷಿನ ಗೆರೆ ಅಡಗಿಕೊಳ್ಳಲು ಅಲ್ಲಿ ಮೊಳೆಯಿಲ್ಲ, ಮಡಿಕೆಯಿಲ್ಲ. ಮೇಲಿನಿಂದ ಬೆಳಕು ನೇರವಾಗಿ ಬಿದ್ದರೆ ಸಣ್ಣ ಉಬ್ಬೂ ಎದ್ದು ಕಾಣುತ್ತದೆ. ಸುಮಾರು ಆರು ಮೀಟರ್ ಉದ್ದದ ಒಡಲು ಈ ಅಳತೆಯಲ್ಲಿ 17 ಸೆಂಟಿಮೀಟರ್ ಆಗುತ್ತದೆ. ಅಂಗೈ ಮೇಲೆ ಕೂರುವ ವಸ್ತು.

ಏರ್‌ಬ್ರಷ್ ಬೇಡ ಎಂಬುದು ಹಣದ ತೀರ್ಮಾನವಾಗಿರಲಿಲ್ಲ. ಮನೆಯಲ್ಲಿ ಆರು ವರ್ಷದ ಮೊಮ್ಮಗನಿದ್ದಾನೆ, ಅವನಿಗೆ ಉಬ್ಬಸ. ಮನೆಯೊಳಗೆ ಯಾವ ಬಣ್ಣವನ್ನೂ ಗಾಳಿಗೆ ಸಿಂಪಡಿಸುವುದಿಲ್ಲ, ವಾಸನೆಯ ಥಿನ್ನರ್ ತೆರೆಯುವುದಿಲ್ಲ ಎಂದು ಮಾಷ್ಟ್ರು ಮೊದಲ ದಿನವೇ ನಿಯಮ ಮಾಡಿಕೊಂಡಿದ್ದರು. ಈ ನಿಯಮವನ್ನು ಅವರು ಕೊನೆಯವರೆಗೂ ಮುರಿಯಲಿಲ್ಲ. ಮುಂದೆ ತೆಗೆದುಕೊಂಡ ಪ್ರತಿಯೊಂದು ನಿರ್ಧಾರವೂ ಇದರ ಚೌಕಟ್ಟಿನೊಳಗೇ ಆದದ್ದು.

ಜೋಡಣೆ ಚೆನ್ನಾಗಿತ್ತು. ಕೂಡು ಗೆರೆಗಳನ್ನು ಉಜ್ಜಿ ನಯ ಮಾಡಿದ್ದರು, ಪಾತ್ರೆ ತೊಳೆಯುವ ಸಾಬೂನಿನಿಂದ ಪ್ಲಾಸ್ಟಿಕ್ಕಿನ ಜಿಡ್ಡು ತೆಗೆದಿದ್ದರು. ಏಪ್ರಿಲ್ ಮೊದಲ ವಾರ ಬಣ್ಣಕ್ಕೆ ಕೈಹಾಕಿದರು.

ಗಂಜಿಯ ಕೆನೆ

ಮೂರು ದಿನಗಳ ಬಳಿಕ ಮೊಬೈಲಿಗೆ ಒಂದು ಫೋಟೊ ಬಂತು. ಎಡಬದಿಯ ಇಳಿಜಾರು ಹಲಗೆ. ಹಸಿರು ಬಣ್ಣ ಅಲ್ಲಲ್ಲಿ ದಪ್ಪವಾಗಿ ಏಣುಗಟ್ಟಿತ್ತು. ಏಣುಗಳ ನಡುವೆ ಪ್ಲಾಸ್ಟಿಕ್ ಇಣುಕುತ್ತಿತ್ತು. ಒಂದು ಮೂಲೆಯಲ್ಲಿ ಬಣ್ಣ ಕಿತ್ತುಬಂದು ಎರೇಸರ್ ಉಜ್ಜಿದ ಪುಡಿಯಂತೆ ಉಂಡೆಯುಂಡೆಯಾಗಿತ್ತು. ಕೆಳಗೆ ಒಂದೇ ಸಾಲು: “ಮೂರು ಕೋಟು ಆಯಿತು ಮಾರಾಯರೇ, ಮೊದಲನೆಯದೇ ಚೆನ್ನಾಗಿತ್ತು.”

ನಾನು ಒಡನೆ ಕೊಟ್ಟ ಸಲಹೆ: ಒಳ್ಳೆಯ ಬ್ರಷ್ ಕೊಳ್ಳಿ. ಅವರು ಬೆಂಗಳೂರಿನಿಂದ ದುಬಾರಿ ಬೆಲೆಯ, ಚೂಪು ತುದಿಯ ಕೂದಲ ಬ್ರಷ್ ತರಿಸಿದರು. ಫಲ ಇನ್ನೂ ಕೆಟ್ಟದಾಯಿತು. ಸಣ್ಣ ಬ್ರಷ್ಷಿನಿಂದ ಅಗಲವಾದ ಹಲಗೆಯನ್ನು ತುಂಬಲು ಇಪ್ಪತ್ತು ಎಳೆತ ಬೇಕು. ಇಪ್ಪತ್ತನೆಯದು ಮುಗಿಯುವ ಹೊತ್ತಿಗೆ ಮೊದಲನೆಯದು ಅರೆಬರೆ ಒಣಗಿರುತ್ತದೆ. ಅದರ ಅಂಚನ್ನು ತಾಗಿದರೆ ಸಾಕು, ಏಳುತ್ತದೆ. ನಾನು ಪ್ರಶ್ನೆ ಕೇಳದೆ ಉತ್ತರ ಕೊಟ್ಟಿದ್ದೆ. ಯಾವ ಬಣ್ಣ, ಯಾವ ಹದ, ಎಲ್ಲಿ ಕುಳಿತು, ಯಾವ ಹೊತ್ತಿನಲ್ಲಿ ಎಂದು ವಿಚಾರಿಸಬೇಕಾಗಿತ್ತು.

ಒಂದು ಭಾನುವಾರ ಅವರ ಮನೆಗೇ ಹೋದೆ. ಕುಳಿತು ನೋಡಿದಾಗ ಐದು ನಿಮಿಷದಲ್ಲಿ ಎಲ್ಲವೂ ತಿಳಿಯಿತು. ಮೇಜು ಸೀಲಿಂಗ್ ಫ್ಯಾನಿನ ನೇರ ಕೆಳಗಿತ್ತು. ಏಪ್ರಿಲ್ ಮಧ್ಯಾಹ್ನ, ಫ್ಯಾನ್ ಐದರಲ್ಲಿ. ಬಣ್ಣವೂ ಟಾಮಿಯಾದ್ದೇ, ಎಕ್ಸ್‌ಎಫ್-61 ಎಂಬ ಕಡುಹಸಿರು. ಈ ಬಣ್ಣವನ್ನು ನೀರಿನಿಂದ ತೆಳು ಮಾಡಬಹುದು. ಆದರೆ ಅದರ ಒಡಲಿನಲ್ಲಿರುವುದು ಆಲ್ಕೋಹಾಲ್ ಜಾತಿಯ ದ್ರಾವಕ. ಏರ್‌ಬ್ರಷ್ಷಿನಲ್ಲಿ ಇದರಷ್ಟು ಸುಲಭದ ಬಣ್ಣ ಇನ್ನೊಂದಿಲ್ಲ ಎನ್ನುವಷ್ಟು ಚೆನ್ನಾಗಿ ಕೂರುತ್ತದೆ. ಬ್ರಷ್ಷಿಗೆ ಬಂದರೆ ಎರಡು ಅಡ್ಡಿ: ಬಲು ಬೇಗ ಒಣಗುತ್ತದೆ, ಮೇಲಿನ ಕೋಟಿನ ದ್ರಾವಕ ಕೆಳಗಿನ ಕೋಟನ್ನು ಮತ್ತೆ ಮೆತ್ತಗೆ ಮಾಡುತ್ತದೆ.

ನಾನು ಈ ದ್ರಾವಕದ ಮಾತನ್ನು ವಿವರಿಸುತ್ತಿರುವಾಗ ಮಾಷ್ಟ್ರ ಹೆಂಡತಿ ಅಡುಗೆಮನೆಯಿಂದ ಒಂದು ಮಾತು ಹೇಳಿದರು: “ತಣಿದ ಗಂಜಿಯ ಮೇಲಿನ ಕೆನೆಗೆ ಚಮಚ ತಾಗಿಸಿದ ಹಾಗೆ.” ಇದಕ್ಕಿಂತ ಸರಿಯಾಗಿ ಹೇಳಲು ಬರುವುದಿಲ್ಲ. ಬಿಸಿ ಗಂಜಿಯಲ್ಲಿ ಚಮಚ ಎಳೆದರೆ ಗೆರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ಪೂರ್ತಿ ತಣಿದು ಗಟ್ಟಿಯಾದ ಮೇಲೆ ತಾಗಿಸಿದರೂ ಅಷ್ಟಾಗಿ ಏನೂ ಆಗುವುದಿಲ್ಲ. ನಡುವಿನ ಹೊತ್ತಿನಲ್ಲಿ, ಕೆನೆ ಕಟ್ಟಿ ಒಳಗೆ ಇನ್ನೂ ಹಸಿಯಿರುವಾಗ ಎಳೆದರೆ ಅದು ಸುಕ್ಕುಗಟ್ಟಿ ಚಮಚದ ಹಿಂದೆಯೇ ಬರುತ್ತದೆ. ಬಣ್ಣವೂ ಹಾಗೆಯೇ. ಬ್ರಷ್ಷಿನ ಗೆರೆ ಉಳಿಯುವುದು ಬ್ರಷ್ಷಿನ ಕೂದಲಿನಿಂದಲ್ಲ, ಹೊತ್ತು ತಪ್ಪಿ ಅದೇ ಜಾಗಕ್ಕೆ ಮತ್ತೆ ಹೋಗುವುದರಿಂದ. ಫ್ಯಾನ್ ಆ ಹೊತ್ತನ್ನು ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿಸಿತ್ತು.

ತೆಗೆಯುವುದೋ, ಮೇಲೆಯೇ ಹಚ್ಚುವುದೋ

ಮೊದಲ ದೊಡ್ಡ ನಿರ್ಧಾರ ಇಲ್ಲಿ ಬಂತು. ಉಬ್ಬುಗಳನ್ನು ನೀರು ಹಾಕಿ ಉಜ್ಜುವ ಮರಳುಕಾಗದದಿಂದ ಉಜ್ಜಿ ಮೇಲೆ ಹೊಸ ಬಣ್ಣ ಹಚ್ಚಬಹುದಿತ್ತು. ಒಂದು ದಿನದ ಕೆಲಸ. ಆದರೆ ಉಜ್ಜುವಾಗ ಸಣ್ಣ ಮೊಳೆತಲೆಗಳು, ಹಿಡಿಕೆಗಳು, ಬೆಸುಗೆಯ ಗೆರೆಗಳು ಸವೆಯುತ್ತವೆ. ಮೂರು ದಪ್ಪ ಕೋಟಿನ ಮೇಲೆ ಇನ್ನೂ ನಾಲ್ಕು ಬಿದ್ದರೆ ಉಳಿದ ಸೂಕ್ಷ್ಮವೂ ಹೂತುಹೋಗುತ್ತದೆ. ಮಾಷ್ಟ್ರು ತೆಗೆಯೋಣ ಎಂದರು. ಜೋಡಿಸಲು ಪಟ್ಟ ಶ್ರಮಕ್ಕೆ ಅಷ್ಟಾದರೂ ಮರ್ಯಾದೆ ಬೇಡವೇ ಎಂಬುದು ಅವರ ವಾದ. ನನಗೂ ಅದೇ ಸರಿ ಎನಿಸಿತು.

ಐಸೊಪ್ರೊಪಿಲ್ ಆಲ್ಕೋಹಾಲ್ ಈ ಬಣ್ಣವನ್ನು ಬಿಡಿಸುತ್ತದೆ, ಪ್ಲಾಸ್ಟಿಕ್ಕನ್ನು ಮುಟ್ಟುವುದಿಲ್ಲ. ಹಾರ್ಡ್‌ವೇರ್ ಅಂಗಡಿಯ ಥಿನ್ನರಿನಲ್ಲಿ ಅದ್ದಿದ್ದರೆ ಟ್ಯಾಂಕೇ ಕರಗುತ್ತಿತ್ತು. ಆದರೂ ಮೊದಲು ಬಿಡಿಭಾಗಗಳನ್ನು ಕತ್ತರಿಸಿ ತೆಗೆದ ಚೌಕಟ್ಟಿನ ಒಂದು ತುಂಡನ್ನು ರಾತ್ರಿಯಿಡೀ ಅದ್ದಿಟ್ಟು ಪರೀಕ್ಷಿಸಿದೆವು. ಕೆಲಸ ನಡೆದದ್ದು ಹಿತ್ತಿಲಿನ ಜಗಲಿಯಲ್ಲಿ, ಮೊಮ್ಮಗ ಶಾಲೆಯ ಗೆಳೆಯನ ಮನೆಗೆ ಹೋಗಿದ್ದಾಗ, ಒಲೆ ದೀಪ ಯಾವುದೂ ಹತ್ತಿರ ಇಲ್ಲದ ಕಡೆ. ಹಳೆಯ ಮೃದು ಟೂತ್‌ಬ್ರಷ್ಷಿನಿಂದ ತಿಕ್ಕಿದಾಗ ಹಸಿರು ನೀರಾಗಿ ಇಳಿದು ಟಾಮಿಯಾದ ಮೂಲ ಪ್ಲಾಸ್ಟಿಕ್ ಮತ್ತೆ ಕಂಡಿತು. ಮಾಷ್ಟ್ರ ಮುಖ ಆ ತಿಂಗಳಲ್ಲಿ ಮೊದಲ ಬಾರಿಗೆ ಅರಳಿದ್ದನ್ನು ನಾನು ನೋಡಿದೆ.

ಏಳು ಚಮಚಗಳು

ಮತ್ತೆ ಟ್ಯಾಂಕಿನ ಮೇಲೆಯೇ ಪ್ರಯೋಗ ಬೇಡ ಎಂದು ನಿಶ್ಚಯಿಸಿದೆವು. ಐಸ್‌ಕ್ರೀಂ ಅಂಗಡಿಯ ಬಿಳಿ ಪ್ಲಾಸ್ಟಿಕ್ ಚಮಚಗಳು ಬಂದವು. ಚಮಚದ ಬೆನ್ನು ಉಬ್ಬಾಗಿದೆ, ಹಿಡಿ ಚಪ್ಪಟೆಯಾಗಿದೆ. ಟ್ಯಾಂಕಿನ ಮೇಲೆ ತಿರುಗುವ, ಫಿರಂಗಿ ಹೊತ್ತ ಗೋಪುರಕ್ಕೂ ಹಲಗೆಗೂ ಒಂದೇ ಕಡೆ ಪರೀಕ್ಷೆ. ಗಣಿತದ ಮಾಷ್ಟ್ರಲ್ಲವೇ, ಪ್ರತಿ ಚಮಚಕ್ಕೆ ಸಂಖ್ಯೆ ಕೊಟ್ಟು, ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ ನೋಟ್‌ಪುಸ್ತಕದಲ್ಲಿ ಬರೆಯುತ್ತ ಹೋದರು.

ಹಳೆಯ ಬಣ್ಣ, ಫ್ಯಾನ್ ಹಾಕಿ: ಅದೇ ಸುಕ್ಕು. ಹಳೆಯ ಬಣ್ಣ, ಫ್ಯಾನ್ ಆರಿಸಿ: ಒಂದು ಕೋಟು ಸರಿ, ಎರಡನೆಯದು ಮೊದಲನೆಯದನ್ನು ಎಬ್ಬಿಸಿತು. ಅದೇ ಬಣ್ಣಕ್ಕೆ ಕಂಪನಿಯ ಥಿನ್ನರ್, ಒಣಗುವುದನ್ನು ತಡಮಾಡುವ ರಿಟಾರ್ಡರ್ ಬೆರೆಸಿ, ಕೋಟು ಕೋಟಿನ ನಡುವೆ ಒಂದು ರಾತ್ರಿ ಬಿಟ್ಟು: ಸಾಕಷ್ಟು ಚೆನ್ನಾಗಿ ಬಂತು. ಈ ಬಣ್ಣವನ್ನು ಬ್ರಷ್ಷಿನಿಂದ ಹಚ್ಚಲಾಗುವುದೇ ಇಲ್ಲ ಎನ್ನುವವರಿಗೆ ಈ ಮೂರನೆಯ ಚಮಚವನ್ನು ತೋರಿಸಬೇಕು. ಆದರೆ ಆ ಥಿನ್ನರಿನ ವಾಸನೆ ಮನೆಯ ನಿಯಮಕ್ಕೆ ಹೊಂದಲಿಲ್ಲ.

ಮುಂದಿನ ನಾಲ್ಕು ಚಮಚಗಳಿಗೆ ಸ್ಪೇನಿನ ವ್ಯಾಲೆಹೋ ಕಂಪನಿಯ ನೀರಿನ ಆಕ್ರಿಲಿಕ್ ಬಳಸಿದರು. ಇದು ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಹಾಗಾಗಿ ಮೇಲಿನ ಕೋಟು ಕೆಳಗಿನದನ್ನು ಎಬ್ಬಿಸುವ ಭಯ ಕಡಿಮೆ. ಶೀಶೆಯಿಂದ ಬಂದ ಹಾಗೇ ಹಚ್ಚಿದ್ದರಲ್ಲಿ ಏಣುಗಳು ಎದ್ದವು. ಎರಡು ಹನಿ ಬಣ್ಣಕ್ಕೆ ಒಂದು ಹನಿ ನೀರು ಹಾಕಿದ ಐದನೆಯ ಚಮಚ ನಾಲ್ಕು ಕೋಟಿನ ಬಳಿಕ ನಯವಾಗಿ ನಿಂತಿತು. ಒಂದಕ್ಕೆ ಎರಡು ಹನಿ ನೀರಾದಾಗ ಬಣ್ಣ ಅಂಚಿಗೆ ಹರಿದು, ಚೆಲ್ಲಿದ ಚಹಾ ಒಣಗಿದಾಗ ಉಳಿಯುವಂಥ ಬಳೆ ಉಳಿಯಿತು. ಏಳನೆಯದು ಐದನೆಯದರದೇ ಹದ, ಆದರೆ ಫ್ಯಾನ್ ಕೆಳಗೆ: ಪ್ರತಿ ಎಳೆತದ ಅಂಚೂ ಎಣಿಸುವಂತೆ ಕಂಡಿತು. ಐದು ಮತ್ತು ಏಳನ್ನು ಅಕ್ಕಪಕ್ಕ ಹಿಡಿದಾಗ ಫ್ಯಾನಿನ ಪಾತ್ರದ ಬಗ್ಗೆ ಮಾತು ಬೇಕಾಗಲಿಲ್ಲ.

ಅಂದಿನಿಂದ ಮಾಷ್ಟ್ರು ಬಣ್ಣದ ಹೊತ್ತನ್ನು ಬೆಳಗಿನ ಐದೂವರೆಗೆ ಬದಲಾಯಿಸಿದರು. ಫ್ಯಾನ್ ಇಲ್ಲದೆ ಕುಳಿತುಕೊಳ್ಳಬಲ್ಲ ಹೊತ್ತು ಕರಾವಳಿಯ ಬೇಸಿಗೆಯಲ್ಲಿ ಅದೊಂದೇ. ಮಿಠಾಯಿಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಒದ್ದೆ ಸ್ಪಂಜು, ಅದರ ಮೇಲೆ ಬೇಕರಿಯವರು ಟ್ರೇಗೆ ಹಾಸುವ ಕಾಗದ ಇಟ್ಟು ಬಣ್ಣ ಕಲಸುವ ತಟ್ಟೆ ಮಾಡಿಕೊಂಡರು. ಕಾಗದ ಕೆಳಗಿನ ತೇವವನ್ನು ಮೆಲ್ಲಗೆ ಎಳೆದುಕೊಳ್ಳುವುದರಿಂದ ಕಲಸಿದ ಬಣ್ಣ ಗಂಟೆಗಟ್ಟಲೆ ಹದ ತಪ್ಪುವುದಿಲ್ಲ. ಮೇಣ ಸವರಿದ ಕಾಗದ ಇದಕ್ಕೆ ಆಗದು. ಅದು ನೀರನ್ನು ಬಿಡುವುದೇ ಇಲ್ಲ.

ನಾಲ್ಕು ಕೋಟು ಹಸಿರು

ಮೇಲಿನ ಬಣ್ಣ ಹಿಡಿಯಲೆಂದು ಬ್ರಷ್ಷಿನಿಂದಲೇ ಹಚ್ಚುವ ಬೂದು ತಳಬಣ್ಣ (ಪ್ರೈಮರ್) ಎರಡು ತೆಳು ಕೋಟು, ಬಳಿಕ ಎರಡು ದಿನ ಬಿಡುವು. ಹಸಿರಿಗೆ ಒಂದು ಸೆಂಟಿಮೀಟರ್ ಅಗಲದ ಚಪ್ಪಟೆ ಸಿಂಥೆಟಿಕ್ ಬ್ರಷ್. ಒಂದು ಹಲಗೆಗೆ ನಾಲ್ಕೈದು ಎಳೆತ ಸಾಕು. ಬ್ರಷ್ಷಿನ ಮೂರನೆಯ ಒಂದು ಭಾಗ ಮಾತ್ರ ಬಣ್ಣಕ್ಕೆ ಅದ್ದಿ, ಟಿಶ್ಯೂ ಕಾಗದಕ್ಕೆ ಒಮ್ಮೆ ತಾಗಿಸಿ, ಮೇಲಿನಿಂದ ಕೆಳಗೆ ಒಂದೇ ದಿಕ್ಕಿಗೆ ಎಳೆಯುವುದು. ಎಳೆದ ಮೇಲೆ ಮತ್ತೆ ಅಲ್ಲಿಗೆ ಹೋಗುವ ಹಾಗಿಲ್ಲ. ಬಿಟ್ಟುಹೋದ ಚುಕ್ಕೆ ಕಂಡರೂ ಹೋಗುವ ಹಾಗಿಲ್ಲ, ಅದು ಮುಂದಿನ ಕೋಟಿನ ಪಾಲು. ಇಳಿಜಾರುಗಳಲ್ಲಿ ಯಾಕೆ ಮೇಲಿನಿಂದ ಕೆಳಗೆ ಎಂದರೆ, ಅಕಸ್ಮಾತ್ ಗೆರೆ ಉಳಿದರೂ ಅದು ಮಳೆನೀರು ಇಳಿದ ದಾರಿಯಂತೆ ಕಾಣುತ್ತದೆ. ಅಡ್ಡಗೆರೆ ಉಳಿದರೆ ಅದಕ್ಕೆ ಲೋಕದಲ್ಲಿ ಯಾವ ಕಾರಣವೂ ಇಲ್ಲ.

ಮೊದಲ ಕೋಟು ಮುಗಿದಾಗ ಟ್ಯಾಂಕ್ ನೋಡುವಂತಿರಲಿಲ್ಲ. ಬೂದಿಯ ಮೇಲೆ ಹಸಿರು ನೀರು ಚೆಲ್ಲಿದಂತೆ ಚಿಂದಿ ಚಿಂದಿ. ಈ ಹಂತದಲ್ಲಿಯೇ ಹೆಚ್ಚಿನವರು ಧೈರ್ಯ ಕಳೆದುಕೊಂಡು ಎರಡನೆಯ ಕೋಟನ್ನು ದಪ್ಪ ಮಾಡುತ್ತಾರೆ, ಮತ್ತೆ ಮೊದಲಿನ ಕಥೆ. ಮಾಷ್ಟ್ರು ಫೋನ್ ಮಾಡಿದರು. ದನಿಯಲ್ಲಿ ಅನುಮಾನವಿತ್ತು. ಐದನೆಯ ಚಮಚದ ಮೊದಲ ಕೋಟು ಹೇಗಿತ್ತು ಎಂದು ನೋಟ್‌ಪುಸ್ತಕದಲ್ಲಿ ನೋಡಿ ಎಂದೆ. “ಚಿಂದಿ” ಎಂದು ಅವರೇ ಬರೆದಿದ್ದರು. ಫೋನ್ ಇಟ್ಟರು. ಅರ್ಧ ಗಂಟೆ ಬಿಟ್ಟು ಎರಡನೆಯದು, ಮರುದಿನ ಇನ್ನೆರಡು.

ಗೋಪುರಕ್ಕೆ ಬೇರೆ ದಾರಿ ಹಿಡಿದೆವು. ಟಿ-34ರ ಎಷ್ಟೋ ಗೋಪುರಗಳು ಎರಕದವು, ಮೇಲ್ಮೈ ಒರಟು. ತುದಿ ಕತ್ತರಿಸಿ ಮೋಟು ಮಾಡಿದ ಹಳೆಯ ಬ್ರಷ್ಷಿನಿಂದ ಬಣ್ಣವನ್ನು ಎಳೆಯದೆ ಕುಟ್ಟಿ ಕುಟ್ಟಿ ಹಚ್ಚಿದರೆ ಆ ಒರಟುತನ ತಾನಾಗಿ ಬರುತ್ತದೆ. ಏರ್‌ಬ್ರಷ್ಷಿನ ನಯಕ್ಕೆ ಇದು ಸಿಗುವುದಿಲ್ಲ. ಈ ಗೋಪುರ ನನ್ನ ಕಪಾಟಿನಲ್ಲಿರುವ ಟಿ-34ರ ಗೋಪುರಕ್ಕಿಂತ ಚೆನ್ನಾಗಿದೆ ಎಂದು ಹೇಳಲು ನನಗೆ ಸಂತೋಷವೇ.

ಹಸಿರು ಮುಗಿಯಿತು. ಮುಂದೆ ನಾಲ್ಕು ದಿನ ಮಾಷ್ಟ್ರಿಂದ ಸುದ್ದಿಯಿಲ್ಲ. ಐದನೆಯ ದಿನ ಹೇಳಿದರು, ನೆತ್ತಿಯ ಮೇಲಿನ ದೀಪದಲ್ಲಿ ಬಲಬದಿಯ ಗೆರೆಗಳು ಇನ್ನೂ ತೆಳುವಾಗಿ ಕಾಣುತ್ತಿವೆ, ಮನಸ್ಸಿಗೆ ಸಮಾಧಾನವಿಲ್ಲ, ಮತ್ತೆ ತೆಗೆದು ಮೊದಲಿನಿಂದ ಮಾಡಲೇ ಎಂದು. ನಾನು ಗೆರೆಗಳನ್ನು ನೋಡಿದ್ದೆ. ಹುಡುಕಿದರೆ ಕಾಣುವಂಥವು. ಆದರೆ ಹುಡುಕುವ ಕಣ್ಣು ಅವರದೇ ಆಗಿತ್ತಲ್ಲ, ಅದಕ್ಕೆ ನನ್ನ ಸಮಾಧಾನದ ಮಾತು ತಲುಪಲಿಲ್ಲ.

ಹತ್ತು ಭಾಗಿಸು ಮೂವತ್ತೈದು

ಈ ಪ್ರಕರಣ ತಿರುವು ಪಡೆದದ್ದು ಹಳೆಯ ಕಪ್ಪುಬಿಳುಪು ಫೋಟೊಗಳಿಂದ. 1941ರಿಂದ 1943ರವರೆಗಿನ ಚಳಿಗಾಲಗಳಲ್ಲಿ ತೆಗೆದ, ಬಿಳಿ ಬಳಿದ ಟಿ-34ಗಳ ಚಿತ್ರಗಳನ್ನು ಅವರಿಗೆ ಕಳುಹಿಸಿದ್ದೆ. ಹಿಮದಲ್ಲಿ ಮರೆಯಾಗಲೆಂದು ಹಸಿರಿನ ಮೇಲೆ ಸುಲಭವಾಗಿ ತೊಳೆದುಹೋಗುವ ಬಿಳಿಯನ್ನು ಬಳಿಯುತ್ತಿದ್ದರು. ವಸಂತ ಬಂದಾಗ ತೊಳೆದು ತೆಗೆಯುತ್ತಿದ್ದರು. ಎಷ್ಟೋ ಕಡೆ ಬಳಿದವರು ಟ್ಯಾಂಕಿನ ಸಿಬ್ಬಂದಿಯೇ. ಫೋಟೊಗಳಲ್ಲಿ ಬ್ರಷ್ಷಿನ ಎಳೆತಗಳು ಒಂದೊಂದಾಗಿ ಕಾಣುತ್ತವೆ. ಸಂಖ್ಯೆ ಬರೆದ ಕಡೆ ಸುತ್ತಲೂ ಬಳಿದು ನಡುವೆ ಹಸಿರು ಚೌಕವನ್ನು ಹಾಗೇ ಬಿಟ್ಟಿದ್ದಾರೆ. ಎದುರು ಪಾಳೆಯದಲ್ಲಿಯೂ ಕಥೆ ಬೇರೆಯಾಗಿರಲಿಲ್ಲ. 1943ರ ಫೆಬ್ರವರಿಯಲ್ಲಿ ಜರ್ಮನ್ ಸೇನೆ ಕಡುಹಳದಿಯನ್ನು ತಳದ ಬಣ್ಣವಾಗಿ ಮಾಡಿದ ಮೇಲೆ ಹಸಿರು ಮತ್ತು ಕೆಂಗಂದು ಬಣ್ಣಗಳನ್ನು ಗಟ್ಟಿ ಲೇಹದ ರೂಪದಲ್ಲಿ ಸಿಬ್ಬಂದಿಗೇ ಕೊಡುತ್ತಿತ್ತು. ಅವರು ನೀರೋ ಪೆಟ್ರೋಲೋ ಬೆರೆಸಿ, ಸಿಂಪಡಿಸುವ ಯಂತ್ರ ಇದ್ದರೆ ಸಿಂಪಡಿಸಿ, ಇಲ್ಲದಿದ್ದರೆ ಬ್ರಷ್ಷಿನಿಂದ ಬಳಿದುಕೊಳ್ಳುತ್ತಿದ್ದರು.

ಮಾಷ್ಟ್ರು ಫೋಟೊ ನೋಡಿ ಹೇಳಿದ್ದು: “ಇದು ದೀಪಾವಳಿಗೆ ನಮ್ಮ ಹಳೆ ಮನೆಗೆ ಸುಣ್ಣ ಹೊಡೆದ ಹಾಗೆಯೇ ಉಂಟಲ್ಲ!” ಬಾಲ್ಯದಲ್ಲಿ ತಂದೆಯ ಜೊತೆ ನಾರಿನ ಕುಂಚ ಹಿಡಿದು ಸುಣ್ಣ ಬಳಿದವರು ಅವರು. ಬಳಿದ ಕೂಡಲೇ ಗೋಡೆ ಒದ್ದೆ ಒದ್ದೆಯಾಗಿ ಹಳೆಯ ಬಣ್ಣವನ್ನೇ ತೋರಿಸುತ್ತದೆ, ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಕೈ ಎಟಕದ ಕಡೆ ತೆಳು, ಕುಂಚ ಇಟ್ಟು ಶುರು ಮಾಡಿದ ಕಡೆ ದಪ್ಪ. ಬಾಗಿಲ ಬಳಿ ಮೈ ಒರಸಿ ಒರಸಿ ಮೊದಲು ಅಲ್ಲೇ ಸವೆಯುತ್ತದೆ. ಇದೆಲ್ಲ ಅವರ ಕೈಗೆ ಗೊತ್ತಿತ್ತು.

ಬಳಿಕ ಅವರು ಮಾಡಿದ ಲೆಕ್ಕ ನನಗೆ ಎಂದೂ ಹೊಳೆದಿರಲಿಲ್ಲ. ಸಿಪಾಯಿಯ ಕೈಯಲ್ಲಿದ್ದ ಕುಂಚ ಹತ್ತು ಸೆಂಟಿಮೀಟರ್ ಅಗಲ ಎಂದಿಟ್ಟುಕೊಳ್ಳೋಣ. ಭಾಗಿಸು 35. ಮೂರು ಮಿಲಿಮೀಟರಿಗೆ ತುಸು ಕಡಿಮೆ. ಹಾಗಾದರೆ ಮೂರು ಮಿಲಿಮೀಟರ್ ಚಪ್ಪಟೆ ಬ್ರಷ್ಷಿನ ಎಳೆತ ಈ ಟ್ಯಾಂಕಿನ ಮೇಲೆ ತಪ್ಪಲ್ಲ, ಅದು ಅಳತೆಗೆ ಸರಿಯಾದ ಎಳೆತ. ತೋಳು ಚಾಚಿ ಎಳೆದರೆ ಅರುವತ್ತು ಎಪ್ಪತ್ತು ಸೆಂಟಿಮೀಟರ್ ಉದ್ದ ಬರುತ್ತದೆ. ಅಂದರೆ ಇಲ್ಲಿ ಎರಡು ಸೆಂಟಿಮೀಟರ್ ಮೀರಬಾರದು. ಹಸಿರಿನಲ್ಲಿ ಒಂದು ಸೆಂಟಿಮೀಟರ್ ಅಗಲದ ಗೆರೆ ಕಂಡರೆ ಕಣ್ಣು ಒಪ್ಪುವುದಿಲ್ಲ, ಏಕೆಂದರೆ ಅಷ್ಟು ಅಗಲದ ಕುಂಚ, ಮೂವತ್ತೈದು ಸೆಂಟಿಮೀಟರಿನದು, ಆ ಕೈಯಲ್ಲಿ ಇರಲು ಸಾಧ್ಯವೇ ಇಲ್ಲ. ಬಿಳಿಯಲ್ಲಿ ಮೂರು ಮಿಲಿಮೀಟರ್ ಗೆರೆ ಕಂಡರೆ ಅದೇ ಕಣ್ಣು ನಂಬುತ್ತದೆ.

ಹಸಿರನ್ನು ಮತ್ತೆ ತೆಗೆಯುವ ಮಾತು ಅಲ್ಲಿಗೆ ನಿಂತಿತು. ಟ್ಯಾಂಕ್ ಬೇಸಿಗೆಯಿಂದ ಚಳಿಗಾಲಕ್ಕೆ ಬಂತು.

ತಾಂಬೂಲದ ಸುಣ್ಣ, ಶಾಲೆಯ ಬಿಳಿ

ಮೊದಲು ಅವರು ನಿಜವಾದ ಸುಣ್ಣವನ್ನೇ ಬಳಸಿ ನೋಡಿದರು, ಎಲೆಯಡಿಕೆ ತಟ್ಟೆಯದನ್ನು ನೀರಾಗಿ ಕಲಸಿ ಒಂದು ಚಮಚಕ್ಕೆ. ಒಣಗಿದಾಗ ಸೊಗಸಾದ ಬಿಳಿ. ಬೆರಳು ತಾಗಿದರೆ ಪುಡಿಯಾಗಿ ಬರುತ್ತಿತ್ತು. ಭದ್ರವಾಗಲೆಂದು ಮೇಲೆ ವಾರ್ನಿಷ್ ಹಚ್ಚಿದಾಗ ಬಿಳಿಯೇ ಮಾಯವಾಯಿತು! ಸುಣ್ಣದ ಬಿಳುಪು ಬರುವುದು ಅದರ ಕಣಗಳ ನಡುವಿನ ಗಾಳಿಯಿಂದ. ಆ ಸಂದುಗಳನ್ನು ನೀರೋ ವಾರ್ನಿಷ್ಷೋ ತುಂಬಿದರೆ ಬೆಳಕು ಚದುರದೆ ಒಳಗೆ ಹೋಗಿಬಿಡುತ್ತದೆ. ಒದ್ದೆ ಗೋಡೆ ಬೆಳ್ಳಗಾಗಲು ಒಣಗಬೇಕಾದದ್ದೂ ಇದಕ್ಕೇ. ಗೋಡೆಯ ನೀರು ಆರಿಹೋಗುತ್ತದೆ, ವಾರ್ನಿಷ್ ಹೋಗುವುದಿಲ್ಲ.

ಉತ್ತರ ಸಿಕ್ಕಿದ್ದು ಮಗ ಶಾಲೆಯಲ್ಲಿದ್ದಾಗಿನ ಕಪಾಟಿನಲ್ಲಿ: ಬಿಳಿ ಪೋಸ್ಟರ್ ಕಲರ್. ಒಣಗಿದ ಮೇಲೂ ನೀರು ಸೋಕಿದರೆ ಕರಗುವ ಬಣ್ಣ. ಉಳಿದ ಎಲ್ಲ ಕೆಲಸಕ್ಕೂ ಇದು ದೋಷ. ಇಲ್ಲಿ ಇದೇ ಗುಣ. ಹಸಿರಿನ ಮೇಲೆ ಹೊಳಪಿನ ಆಕ್ರಿಲಿಕ್ ವಾರ್ನಿಷ್ ಹಚ್ಚಿ ಎರಡು ದಿನ ಗಟ್ಟಿಯಾಗಲು ಬಿಟ್ಟರು. ಗೋಪುರದ ಸಂಖ್ಯೆಯ ಡೆಕಾಲ್, ಅಂದರೆ ತೆಳು ಅಂಟುಚಿತ್ರ, ಅಂಟಿಸಿ ಅದರ ಮೇಲೊಂದು ಕೋಟು. ನಂತರ ಮೂರು ಮಿಲಿಮೀಟರ್ ಬ್ರಷ್ಷಿನಿಂದ ಬಿಳಿ, ಸಂಖ್ಯೆಯ ಸುತ್ತ ಹಸಿರು ಚೌಕ ಬಿಟ್ಟು. ಒಣಗಿದ ಮೇಲೆ ತೇವದ ಬ್ರಷ್ಷಿನಿಂದ, ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಅಲ್ಲಲ್ಲಿ ತೆಗೆಯುತ್ತ ಬಂದರು. ಚಾಲಕನ ಮುಚ್ಚಳದ ಅಂಚು, ಹತ್ತಿ ಇಳಿಯುವವರ ಬೂಟು ತಾಗುವ ಮಡ್‌ಗಾರ್ಡಿನ ತುದಿ, ಕೈ ಹಿಡಿಯುವ ಕಂಬಿಗಳ ಬುಡ. ಎಲ್ಲಿ ಸವೆಯಬೇಕು ಎಂದು ಅವರು ನನ್ನನ್ನು ಒಮ್ಮೆಯೂ ಕೇಳಲಿಲ್ಲ. ಟ್ಯಾಂಕಿನೊಳಗೆ ನಾಲ್ವರು ಇದ್ದಾರೆ, ಅವರು ದಿನಕ್ಕೆ ಎಷ್ಟು ಸಲ ಎಲ್ಲಿಂದ ಹತ್ತುತ್ತಾರೆ ಎಂದು ಯೋಚಿಸಿ, ಒಂದು ಸಂಜೆ ಪೂರ್ತಿ ಬರಿಗೈಯಲ್ಲಿ ಟ್ಯಾಂಕನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕುಳಿತಿದ್ದರಂತೆ.

ಹೆಚ್ಚು ತೆಗೆದ ಕಡೆ ಮತ್ತೆ ಬಿಳಿ ಇಟ್ಟರಾಯಿತು. ಇಡೀ ಕೆಲಸದಲ್ಲಿ ಕೈ ಬಿಗಿಯದೆ ಮಾಡಿದ ಹಂತ ಇದೊಂದೇ ಎಂದು ನೋಟ್‌ಪುಸ್ತಕದಲ್ಲಿದೆ.

ಕೆಸರಿಗೆ ಹಿತ್ತಿಲಿನ ಮಣ್ಣು ಜರಡಿ ಹಿಡಿದಿದ್ದರು. ಅದು ಜಂಬಿಟ್ಟಿಗೆಯ ಕೆಮ್ಮಣ್ಣು. ಈ ಟ್ಯಾಂಕುಗಳು ಓಡಾಡಿದ ರಷ್ಯಾದ ವೋಲ್ಗಾ ಮತ್ತು ದೋನ್ ನದಿಗಳ ಬಯಲಿನದು ಕಂದು, ಕಪ್ಪು. ಆ ಮಣ್ಣನ್ನು ಬಿಟ್ಟು ಕಂದು ಪೇಸ್ಟಲ್ ಕಡ್ಡಿಯನ್ನು ಕೆರೆದ ಪುಡಿ ಬಳಸಿದರು.

ಜುಲೈ ತಿಂಗಳ ಮಂಜು

ಈಗ ಒಂದು ಸಿಕ್ಕು ಎದುರಾಯಿತು, ನಾವು ಮೊದಲೇ ಕಾಣಬೇಕಾಗಿದ್ದದ್ದು. ನೀರಿಗೆ ಕರಗುವ ಬಿಳಿಯನ್ನು ಭದ್ರ ಮಾಡಬೇಕು. ನಮ್ಮಲ್ಲಿದ್ದ ವಾರ್ನಿಷ್ ನೀರಿನದು, ಬ್ರಷ್ಷಿನಿಂದ ಹಚ್ಚುವಂಥದ್ದು. ಹಚ್ಚಿದರೆ ಒಂದು ವಾರದ ಕೆಲಸ ಕಲಸುಮೇಲೋಗರ. ಮುಟ್ಟದೆ ಹಚ್ಚಬೇಕೆಂದರೆ ಸ್ಪ್ರೇ ಡಬ್ಬಿಯೇ ಗತಿ. ನಿಯಮ ಮನೆಯೊಳಗಿನದು, ತಾರಸಿಗೆ ಅನ್ವಯಿಸುವುದಿಲ್ಲ ಎಂದು ಮಾಷ್ಟ್ರು ಬಹಳ ಯೋಚಿಸಿ ನಿರ್ಧರಿಸಿದರು. ಆದರೆ ಅದು ಜುಲೈ. ಹತ್ತು ದಿನ ಬಿಡದೆ ಸುರಿದ ಮಳೆ ಒಂದು ಬೆಳಿಗ್ಗೆ ನಿಂತಿತು. ಅವರು ತಾರಸಿಗೆ ಹೋಗಿ ಮ್ಯಾಟ್, ಅಂದರೆ ಹೊಳಪಿಲ್ಲದ, ವಾರ್ನಿಷ್ ಸಿಂಪಡಿಸಿದರು. ಹತ್ತು ನಿಮಿಷದಲ್ಲಿ ಇಡೀ ಟ್ಯಾಂಕಿನ ಮೇಲೆ ಬಿಳಿ ಮಬ್ಬು ಕವಿಯಿತು. ಹಸಿರು, ಬಿಳಿ, ಚಕ್ರಗಳ ಸುತ್ತಿನ ಟ್ರ್ಯಾಕ್ ಪಟ್ಟಿ ಎಲ್ಲವೂ ಒಂದೇ ಬೂದಿ.

ಮಳೆ ನಿಂತಿತ್ತು, ಗಾಳಿಯ ತೇವ ಹೋಗಿರಲಿಲ್ಲ. ಸ್ಪ್ರೇಯ ದ್ರಾವಕ ಬೇಗ ಆರುವಾಗ ಮೇಲ್ಮೈ ತಂಪಾಗುತ್ತದೆ. ತೇವದ ಗಾಳಿಯ ನೀರು ಅದರ ಮೇಲೆ ಸಣ್ಣಗೆ ಹನಿಗಟ್ಟಿ ಹಸಿ ವಾರ್ನಿಷ್ಷಿನೊಳಗೆ ಸಿಕ್ಕಿಕೊಳ್ಳುತ್ತದೆ. ಕರಾವಳಿಯ ಮಳೆಗಾಲದಲ್ಲಿ ಸ್ಪ್ರೇ ಡಬ್ಬಿ ಮುಟ್ಟಬಾರದು. ಇದನ್ನು ನಾನು ಹೇಳಬೇಕಿತ್ತು. ಒಳನಾಡಿನಲ್ಲಿರುವ ನನಗೆ ನೆನಪಾಗಲಿಲ್ಲ.

ಆ ದಿನ ಮಾಷ್ಟ್ರು ಮಾಡಿದ ಅತ್ಯುತ್ತಮ ಕೆಲಸವೆಂದರೆ ಏನನ್ನೂ ಮಾಡದೇ ಇದ್ದದ್ದು. ಉಜ್ಜಲಿಲ್ಲ, ತೊಳೆಯಲಿಲ್ಲ, ಇನ್ನೊಂದು ಕೋಟು ಸಿಂಪಡಿಸಲಿಲ್ಲ. ಎರಡು ದಿನ ಅಕ್ಕಿಡಬ್ಬದ ಪಕ್ಕ ಮುಚ್ಚಿಟ್ಟು, ನನಗೆ ಫೋನ್ ಮಾಡಿದರು. ಮಬ್ಬು ಇದ್ದರೂ ಸ್ಪ್ರೇ ತನ್ನ ಕೆಲಸ ಮಾಡಿತ್ತು, ಬಿಳಿಯನ್ನು ಮುಚ್ಚಿತ್ತು. ಹಾಗಾಗಿ ಈಗ ನೀರಿನ ಹೊಳಪು ವಾರ್ನಿಷ್ಷನ್ನು ಬ್ರಷ್ಷಿನಿಂದಲೇ ಹಚ್ಚಬಹುದು ಎಂದೆ. ಮೊದಲು ಹಿಂಭಾಗದ ಒಂದು ಮೂಲೆಗೆ. ಒದ್ದೆ ತಾಗಿದ ಕಡೆ ಮಬ್ಬು ಕರಗಿ ಹಸಿರು ಮೇಲೆದ್ದು ಬಂತು, ಒಣಗಿದ ಮೇಲೂ ಉಳಿಯಿತು. ಮಬ್ಬಿನ ಸಣ್ಣ ಸಂದುಗಳನ್ನು ಹೊಳಪಿನ ವಾರ್ನಿಷ್ ತುಂಬಿತ್ತು, ಸುಣ್ಣದ ಚಮಚದಲ್ಲಿ ನಡೆದದ್ದೇ ಇಲ್ಲಿ ನಮ್ಮ ಪರವಾಗಿ ನಡೆಯಿತು. ಇದನ್ನು ಗುರುತಿಸಿದವರು ಮಾಷ್ಟ್ರೇ, ನಾನಲ್ಲ.

ಪೋಸ್ಟರ್ ಬಿಳಿ ತುಸು ಮಂಕಾಯಿತು. ಕಳೆದುಕೊಂಡದ್ದು ಅಷ್ಟೇ. ಕೊನೆಗೆ ಬ್ರಷ್ಷಿನಿಂದ ಹಚ್ಚುವ ಮ್ಯಾಟ್ ವಾರ್ನಿಷ್ ಎರಡು ತೆಳು ಕೋಟು, ಶೀಶೆಯನ್ನು ಐದು ನಿಮಿಷ ಚೆನ್ನಾಗಿ ಅಲ್ಲಾಡಿಸಿದ ಬಳಿಕ. ಮಂಕು ಮಾಡುವ ಪುಡಿ ತಳದಲ್ಲಿ ಕೂತಿರುತ್ತದೆ. ಅದು ಬೆರೆಯದಿದ್ದರೆ ಒಂದು ಕಡೆ ಹೊಳಪು, ಇನ್ನೊಂದು ಕಡೆ ಬಿಳಿ ಚುಕ್ಕೆ. ಟ್ರ್ಯಾಕಿನ ಹಲ್ಲುಗಳ ಮೇಲೆ 6ಬಿ ಪೆನ್ಸಿಲ್ ಉಜ್ಜಿ ಉಕ್ಕಿನ ಹೊಳಪು ತಂದರು.

ಆಗಸ್ಟ್

ಟ್ಯಾಂಕ್ ಈಗ ಅವರ ಪುಸ್ತಕದ ಕಪಾಟಿನಲ್ಲಿದೆ. ಎಂ‌ಜಿನಿನ ಮುಚ್ಚಳದ ಮೇಲೆ ಹಸಿರಿನ ಕೆಳಗೆ ಬ್ರಷ್ಷಿನ ಒಂದು ಕೂದಲು ಸಿಕ್ಕಿಕೊಂಡಿದೆ. ಮೆತ್ತಗಿನ ಟ್ರ್ಯಾಕ್ ಬಾಗುವ ಕಡೆ ಬಣ್ಣ ಸ್ವಲ್ಪ ಬಿರಿದಿದೆ. ಬಲಬದಿಯ ಹಸಿರಿನ ಗೆರೆಗಳು ಬಿಳಿಯ ನಡುವಿನಿಂದ ಈಗಲೂ ಕಾಣುತ್ತವೆ. ಎಲ್ಲಿವೆ ಎಂದು ಗೊತ್ತಿರುವ ಇಬ್ಬರಿಗೆ.

ಮೊಮ್ಮಗನಿಗೆ ಬೇಸಿಗೆಯಿಡೀ ಟ್ಯಾಂಕಿನ ಕಾರಣದಿಂದ ಒಂದು ದಿನವೂ ಉಬ್ಬಸ ಬರಲಿಲ್ಲ ಎಂಬುದನ್ನು ಮಾಷ್ಟ್ರು ಈ ಬರಹದಲ್ಲಿ ಸೇರಿಸಲೇಬೇಕು ಎಂದು ಹೇಳಿದ್ದಾರೆ.

ಮುಂದಿನದು ಸೆಂಚುರಿಯನ್. 1971ರ ಡಿಸೆಂಬರಿನಲ್ಲಿ ಬಸಂತರ್ ಕದನದಲ್ಲಿ ಪೂನಾ ಹಾರ್ಸ್ ರೆಜಿಮೆಂಟಿನ ಅರುಣ್ ಖೇತರ್ಪಾಲ್ ‘ಫಾಮಗುಸ್ತಾ’ ಎಂಬ ಸೆಂಚುರಿಯನ್ ಟ್ಯಾಂಕಿನಲ್ಲಿ ಹೋರಾಡಿ, 21ನೆಯ ವಯಸ್ಸಿನಲ್ಲಿ ಪ್ರಾಣ ಕೊಟ್ಟು, ಪರಮವೀರ ಚಕ್ರ ಪಡೆದರು. ಆ ಟ್ಯಾಂಕನ್ನು ಮಾಡಬೇಕು ಎಂಬುದು ಮಾಷ್ಟ್ರ ಬಹುದಿನದ ಆಸೆ. ಅದರ ಮೇಲೆ ಸುಣ್ಣವಿಲ್ಲ. ಹಸಿರು ತಾನೇ ತಾನಾಗಿ ನಿಲ್ಲಬೇಕು. ಏಪ್ರಿಲ್‌ನಲ್ಲಿ ಅವರನ್ನು ಕಾಡಿದ ಪ್ರಶ್ನೆ ಹಾಗೆಯೇ ಕಾದು ಕುಳಿತಿದೆ.

ನಿನ್ನೆ ಬೆಳಿಗ್ಗೆ ಐದು ಮುಕ್ಕಾಲಿಗೆ ಒಂದು ಫೋಟೊ ಬಂತು. ಹೊಸ ಚಮಚ, ಹಿಡಿಯ ಮೇಲೆ 9 ಎಂದು ಬರೆದಿದೆ. ಮೂರು ಕೋಟು ಆಗಿದೆ, ನಾಲ್ಕನೆಯದು ಬಾಕಿ.